ತಂಗಿಗೆ ತೋರಿಸದ ಕಣ್ಣು

ಬೀದಿಯವರೆಲ್ಲ ‘ಟೈಲರಕ್ಕ’ ಎಂದು ಕರೆಯುವ ಆಕೆಗೆ ತಂಗಿಯ ಸುದ್ದಿ ಎತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ತಂಗಿ ದೊಡ್ಡಾಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಡಾಕ್ಟರು. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗಿನ ಪರದೆಯ ರಕ್ತನಾಳಗಳು ಹೇಗೆ ಕೆಡುತ್ತವೆ ಎಂದು ಕಂಡುಹಿಡಿಯುವುದೇ ಅವಳ ಕೆಲಸ. ರವಿಕೆಗೆ ಅಳತೆ ಕೊಡಲು ಬಂದವರೂ, “ನಿಮ್ಮ ತಂಗಿ ಮೊನ್ನೆ ರೇಡಿಯೋದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ರು” ಎನ್ನುತ್ತಿದ್ದರು. ಟೈಲರಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ “ಹೂಂ” ಎನ್ನುತ್ತಿದ್ದಳು. ಅಮ್ಮ ಬದುಕಿದ್ದಷ್ಟು ದಿನವೂ ಚಿಕ್ಕವಳದೇ ಗುಣಗಾನ. ದೊಡ್ಡವಳ ಹೊಲಿಗೆಯ ಬಗ್ಗೆ ಒಂದು ಮಾತಿಲ್ಲ.

ಟೈಲರಕ್ಕನಿಗೂ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ನೆನಪಾದ ದಿನ ಮಾತ್ರೆ ನುಂಗುತ್ತಿದ್ದಳು, ಮರೆತ ದಿನ ಇಲ್ಲ.

ಒಂದು ಭಾನುವಾರ ತಂಗಿ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತಳು. “ಅಕ್ಕಾ, ಒಂದ್ಸಲ ಕಣ್ಣು ತೋರಿಸ್ಕೊಂಡು ಹೋಗು ಬಾ.”

“ನನ್ನ ಕಣ್ಣಿಗೇನಾಗಿದೆ? ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸ್ತೀನಿ. ಕನ್ನಡಕ ಇರೋದು ನಿನಗೆ.”

“ಇದರ ಮೋಸವೇ ಅದು. ಸಕ್ಕರೆ ಹೆಚ್ಚಾಗಿದ್ರೆ ಕಣ್ಣೊಳಗಿನ ಸಣ್ಣ ಸಣ್ಣ ನಾಳಗಳು ಸೋರೋಕೆ ಶುರುವಾಗುತ್ತೆ. ನೋವಿಲ್ಲ, ಉರಿಯಿಲ್ಲ. ನೋಟ ಮಂಜಾಗೋ ಹೊತ್ತಿಗೆ ಎಷ್ಟೋ ಸಲ ಕೈ ಮೀರಿರುತ್ತೆ.”

“ನಿನ್ನ ಸಂಶೋಧನೆಗೆ ಕಣ್ಣು ಕಡಿಮೆ ಬಿತ್ತಾ? ಬೇರೆ ಯಾರನ್ನಾದ್ರೂ ಹುಡುಕ್ಕೋ ಹೋಗು.”

ತಂಗಿ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು. ಟೈಲರಕ್ಕನಿಗೆ ಏನೋ ಗೆದ್ದಂತಾಯಿತು.

ಆ ಗೆಲುವು ಒಂದು ವಾರವೂ ಬಾಳಲಿಲ್ಲ. ಎದುರಂಗಡಿಯ ಟೈಲರ್, ಇವಳ ಗಿರಾಕಿಗಳನ್ನು ನಗುನಗುತ್ತಲೇ ಸೆಳೆದುಕೊಳ್ಳುವ ಹೆಂಗಸು, ಕಪ್ಪು ಕನ್ನಡಕ ಹಾಕಿಕೊಂಡು ಆಟೋ ಇಳಿದಳು. “ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬಂದೆ ಕಣ್ರೀ. ನಿಮ್ಮ ತಂಗಿ ಎಂಥ ಒಳ್ಳೆಯವಳು. ಪಕ್ಕದಲ್ಲೇ ನಿಂತಿದ್ಲು. ಸ್ವಂತ ಅಕ್ಕನ ಥರ ನೋಡ್ಕೊಂಡ್ಲು.”

ಸ್ವಂತ ಅಕ್ಕನ ಥರ. ಆ ಮಾತು ಎದೆಗೆ ನಾಟಿತು. ಅಂದು ಸಂಜೆ ರವಿಕೆಯ ಬಲತೋಳನ್ನು ಎಡಕ್ಕೆ ಹೊಲಿದು ಮತ್ತೆ ಬಿಚ್ಚಿದಳು. “ಸಿಟ್ಟು ಯಾರ ಮೇಲೋ, ಪಾಪ ಆ ಬಟ್ಟೆ ಏನು ಮಾಡ್ತು?” ಎಂದು ಗಂಡ ಗೊಣಗಿದ. ಬೆಳಗಾದದ್ದೇ ಟೈಲರಕ್ಕ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೊರಟಳು.

ನರ್ಸ್ ಕಣ್ಣಿಗೆ ಹನಿ ಹಾಕಿ ಕೂರಿಸಿದಳು. ಪಾಪೆ ಹಿಗ್ಗಿದ ಮೇಲೆ ಯಂತ್ರದ ಮುಂದೆ ಗದ್ದ ಊರಿಸಿ ಫೋಟೋ ತೆಗೆದರು. ಕಂಪ್ಯೂಟರಿನಲ್ಲಿ ಕಿತ್ತಳೆ ಬಣ್ಣದ ದುಂಡನೆಯ ಚಿತ್ರ ಮೂಡಿತು. ಅದರ ತುಂಬ ನೂಲಿನಂತೆ ಹರಡಿದ ಕೆಂಪು ನಾಳಗಳು, ಅಲ್ಲಲ್ಲಿ ರಕ್ತದ ಚುಕ್ಕೆಗಳು. ತಂಗಿ ಒಂದೊಂದೇ ಚುಕ್ಕೆಯನ್ನು ಹತ್ತಿರದಿಂದ ನೋಡುತ್ತಿದ್ದಳು.

“ಎದುರಂಗಡಿಯವಳದು ಹೇಗಿತ್ತು?” ಎಂದಳು ಅಕ್ಕ.

“ಬೇರೆಯವರದು ಹೇಳೋ ಹಾಗಿಲ್ಲ. ನಿನ್ನ ಎಡಗಣ್ಣಲ್ಲಿ ನಾಳ ಸೋರ್ತಾ ಇದೆ ಅಕ್ಕಾ.” ತಂಗಿ ಅಕ್ಕನ ಕಡೆ ತಿರುಗಿದಳು. “ಚಿಕ್ಕೋರಿದ್ದಾಗ ನಿನ್ನ ಕೈಕೆಲಸ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ? ನನಗೆ ಇವತ್ತಿಗೂ ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರಲ್ಲ. ನಿನ್ನ ನೋಟ ಹೋದ್ರೆ ಆ ಕೈ ಏನು ಮಾಡುತ್ತೆ?”

ತನ್ನನ್ನು ಕಂಡೂ ಒಬ್ಬರು ಹೊಟ್ಟೆ ಉರಿದುಕೊಂಡಿದ್ದರೆಂಬುದು ಟೈಲರಕ್ಕನಿಗೆ ಹೊಸ ಸುದ್ದಿ. ಅವಳು ತಂಗಿಯ ಕೈ ಹಿಡಿದುಕೊಂಡಳು. “ಈಗೇನು ಮಾಡ್ಬೇಕು, ಹೇಳು.”

“ಬೇಗ ಬಂದಿದ್ದೀಯ. ಕಣ್ಣಿನ ಡಾಕ್ಟರು ಲೇಸರ್ ಮಾಡ್ತಾರೆ, ಬೇಕಾದ್ರೆ ಇಂಜೆಕ್ಷನ್ ಕೊಡ್ತಾರೆ. ಇರೋ ನೋಟ ಉಳಿಸ್ಕೋಬಹುದು. ಆದ್ರೆ ಮಾತ್ರೆ ತಪ್ಪಿಸಬಾರದು. ಸಕ್ಕರೆ, ಬಿ.ಪಿ. ಎರಡೂ ಹಿಡಿತದಲ್ಲಿರಬೇಕು.”

ಚಿಕಿತ್ಸೆಯಾಯಿತು, ನೋಟ ಉಳಿಯಿತು. ತನಗೂ ಸಕ್ಕರೆ ಇದೆಯೇನೋ ಎಂದು ಗಂಡನೂ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದ.

“ಮಹಿಳಾ ಸಂಘದವರು ನನ್ನನ್ನ ಮಾತಾಡೋಕೆ ಕರೆದಿದ್ದಾರೆ. ಅಲ್ಲಿ ನಿನ್ನ ವಿಷಯ ಹೇಳ್ಲಾ ಅಕ್ಕಾ?” ಎಂದು ತಂಗಿ ಕೇಳಿದಳು.

“ನೀನು ಹೇಳಿದ್ರೆ ಚಪ್ಪಾಳೆಯೆಲ್ಲ ನಿನಗೇ ಬೀಳುತ್ತೆ. ನನ್ನ ಕಣ್ಣಿನ ಕಥೆ ನಾನೇ ಹೇಳ್ತೀನಿ.”

ಹೇಳಿದಳು ಕೂಡ, ಒಂದನ್ನೂ ಮುಚ್ಚಿಡದೆ.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆ ಸಕ್ಕರೆ ಕಾಯಿಲೆ ಇದೆಯೇ? ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಸರಿ, ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣಿನ ಪರದೆಯ ಪರೀಕ್ಷೆ ಮಾಡಿಸಿ. ಹೋಗಲು ಬೇರೆ ಕಾರಣ ಸಿಗದಿದ್ದರೆ, ಪಕ್ಕದ ಮನೆಯವರು ನಿಮಗಿಂತ ಮೊದಲೇ ಹೋಗಿ ಬಂದರಲ್ಲ ಎಂಬ ಹೊಟ್ಟೆಕಿಚ್ಚಿಗಾದರೂ ಹೋಗಿ ಬನ್ನಿ.