ಸೂಜಿಗೆ ರೋಜಾ ಮುರಿಯುವುದಿಲ್ಲ

ಕಾಗದದ ಗಿರಣಿಯ ವಾಸನೆ ಮತ್ತೆ ಒಳಗೆ ಬಂತು, ಗಾಳಿ ತಿರುಗಿರಬೇಕು, ದಾಂಡೇಲಿಯಲ್ಲಿ ಕಿಟಕಿ ತೆರೆದರೆ ಇದೇ ಪಾಡು, ಮುಚ್ಚಲು ಏಳಬೇಕು, ಎದ್ದರೆ ಓದಿದ್ದೆಲ್ಲ ಹೋಯಿತು — ನಾಡಿದ್ದು ಬೆಂಗಳೂರಿನಲ್ಲಿ ಪರೀಕ್ಷೆ, ಪಾಸಾದರೆ ಕುವೈತಿನಲ್ಲಿ ನರ್ಸ್ ಆಗಲು ಲೈಸೆನ್ಸು, ಫೇಲಾದರೆ ಹಳಿಯಾಳದ ಅದೇ ನರ್ಸಿಂಗ್ ಹೋಮು, ಅದೇ ಬೆಡ್‌ಪ್ಯಾನು — ಕಂಪ್ಯೂಟರಿನ ಮುಂದೆ ಕೂತು ನಾಲ್ಕರಲ್ಲಿ ಒಂದನ್ನು ಒತ್ತಬೇಕು, ನಾಲ್ಕೂ ಸರಿಯಿದ್ದಂತೆಯೇ ಕಾಣುತ್ತವೆ ಹಾಳಾದವು, ಮೊದಲು ಏನು ಮಾಡುತ್ತೀರಿ ಎಂಬುದೇ ಪ್ರಶ್ನೆ, ಯಾವಾಗಲೂ ಮೊದಲು, ಮೊದಲು. ಇನ್ಸುಲಿನ್ ತೆಗೆದುಕೊಂಡ ರೋಗಿ, ತಣ್ಣನೆಯ ಬೆವರು, ನಡುಗುವ ಕೈ, ಸಿಡುಕು, ತಡಬಡಿಸುವ ಮಾತು — ಸಕ್ಕರೆ ಇಳಿದಿದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ಉಸಿರಿನ ನಾಳಕ್ಕೆ ಇಳಿಯುತ್ತದೆ, ಕೈಯಾರೆ ಕೊಂದಂತೆ — ಅಡುಗೆಮನೆಯಲ್ಲಿ ಅಮ್ಮಿ ಏನೋ ಬೀಳಿಸಿದಳು, ಯಾಕ ಸದ್ದ ಮಾಡ್ತಿ ಅಮ್ಮಿ, ಓದಾಕ ಕುಂತೇನಿ, ಅಂದೆ, ಮಾಡ್ತೇನಿ, ನನ್ನ ಮನಿ, ಏನ ಬೇಕಾದ್ದ ಮಾಡ್ತೇನಿ, ಅಂದಳಲ್ಲ, ಎಂದೂ ಹಾಗೆ ಅನ್ನದವಳು, ಆಮೇಲೆ ನಸ್ರೀನ, ಕೊಡ ತುಂಬಿತೇನ ನೋಡ ಅಂದಳು, ನಸ್ರೀನ ಅವಳ ತಂಗಿ, ಮುಂಡಗೋಡದಲ್ಲಿ ಗಂಡನ ಮನೆಯಲ್ಲಿದ್ದಾಳೆ, ನಾನು ಸಾಯಿಮಾ, ಮಗಳು, ನಕ್ಕೆ, ನಕ್ಕು, ಪುಸ್ತಕದಲ್ಲಿ ಸಿಡುಕು, ತಡಬಡಿಸುವ ಮಾತು ಎಂಬಲ್ಲಿ ಹಳದಿ ಪೆನ್ನಿನಿಂದ ಗೆರೆ ಎಳೆದೆ, ಎಳೆದು ಮುಂದಿನ ಪ್ರಶ್ನೆಗೆ ಹೋದೆ. ಆಗ ಮತ್ತೆ ಸದ್ದು, ಈ ಸಲ ಪಾತ್ರೆಯದಲ್ಲ, ಅಮ್ಮಿಯೇ ಬಿದ್ದಿದ್ದಳು.

ಗೋಡೆಗೆ ಒರಗಿಸಿ ಕೂರಿಸಿದ್ದೇನೆ, ಜಂಪರು ಬೆನ್ನಿಗೆ ಅಂಟಿದೆ, ಮೈ ಮಣ್ಣಿನ ಹೂಜಿಯ ಹಾಗೆ ತಣ್ಣಗೆ ಒದ್ದೆ, ಸಕ್ಕರೆ ಮೀಟರಿನಲ್ಲಿ ಅಂಕೆಯೇ ಇಲ್ಲ, ಲೋ ಎಂದಷ್ಟೇ ತೋರಿಸುತ್ತಿದೆ, ಯಾಕೆ, ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡಿದ್ದಾಳೆ, ನಾನೇ ಕೇಳಿದೆ, ಹೂಂ ಬೇಟಾ ಆತು ಅಂದಳು, ರೊಟ್ಟಿ ತಿಂದೆಯಾ ಅಂತ ಕೇಳಲಿಲ್ಲ, ತಾಯಿಗೆ ಯಾರು ಕೇಳುತ್ತಾರೆ ರೊಟ್ಟಿ ತಿಂದೆಯಾ ಅಂತ, ಅದು ತಾಯಿ ಕೇಳುವ ಮಾತು — ಸದ್ದಿಗೆ ಓಡಿ ಬಂದ ಪಕ್ಕದ ಮನೆಯ ಗೋದುಬಾಯಿ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದಿದ್ದಾಳೆ, ಸಾಯಿಮಾ, ಇವತ್ತ ಅವರದು ರೋಜಾ ಐತಿ, ನಿನ್ನ ಪರೀಕ್ಷಾದ ಸಲುವಾಗಿ ಹರಕಿ ಹೊತ್ತಾರ, ನಿನಗ ಹೇಳಬ್ಯಾಡ ಅಂದಿದ್ರವ್ವಾ. ರೋಜಾ. ಡಾಕ್ಟರ್ ಬೇಡವೆಂದರು ಅಂತ ರಂಜಾನಿನ ಉಪವಾಸವನ್ನೇ ಅಳುತ್ತ ಬಿಟ್ಟವಳು, ಈ ಬರೀ ಬುಧವಾರ, ನನಗಾಗಿ — ಮತ್ತ ಸೂಜಿ ಯಾಕ ಚುಚ್ಚಿಕೊಂಡ್ಲು, ಅಂತ ಕೂಗಿದೆ, ಗೋದುಬಾಯಿಯ ಮೇಲೆ ಯಾಕೆ ಕೂಗಿದೆ, ಪಾಪ, ಅವಳು ಅಂದಳು, ಸೂಜಿಗೆ ರೋಜಾ ಮುರಿಯೂದಿಲ್ಲಂತ, ಕೇಳಕೊಂಡ ಬಂದೇನಿ ಅಂದ್ರು, ಮತ್ತ ಏನ ಆಗ್ಲಿ ಸೂಜಿ ತಪ್ಪಸಬ್ಯಾಡ ಅಂತ ನೀನ ಹೇಳಿಯಂತಲ್ಲ. ಹೇಳಿದ್ದೆ. ದಿನಾ ಹೇಳುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಸುಳ್ಳು, ಯಾವ ರೋಗಿಯೂ ನನ್ನ ಮಾತನ್ನು ಇಷ್ಟು ಚಾಚೂ ತಪ್ಪದೆ ನಡೆಸಿಲ್ಲ, ದೇವರಿಗೆ ಕೊಟ್ಟ ಮಾತೂ ಉಳಿಯಲಿ, ಮಗಳ ಮಾತೂ ಉಳಿಯಲಿ ಅಂತ ಖಾಲಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಕೂತಿದ್ದಾಳೆ.

ಸಕ್ಕರೆ ನೀರು, ಲೋಟ, ಚಮಚ, ಎಚ್ಚರವಿದೆಯಾ, ಇದೆ, ಕಣ್ಣು ನನ್ನ ಮೇಲಿದೆ, ಬಾಯಿ ತೆಗಿ ಅಮ್ಮಿ — ತುಟಿ ಮುಚ್ಚಿಕೊಂಡಳು. ಚಮಚ ಕಂಡು ಮುಚ್ಚಿಕೊಂಡಳು. ಹಲ್ಲಿನ ಸಂದಿಯಿಂದ ಅಜಾನ್, ಇನ್ನಾ ಸಂಜಿ ಅಜಾನ್ ಆಗಿಲ್ಲ, ಅಂದಳು, ಮತ್ತೆ ಬಿಗಿ. ಈ ರೋಗಿ ಯಾವ ಪುಸ್ತಕದಲ್ಲಿದ್ದಾಳೆ, ಎಚ್ಚರವಿದೆ, ಎಚ್ಚರವಿರುವುದಕ್ಕೇ ಬಾಯಿ ಬಿಡುತ್ತಿಲ್ಲ, ಮೊದಲು ಏನು ಮಾಡುತ್ತೀರಿ — ಗೋದುಬಾಯಿ ಆಂಬುಲೆನ್ಸಿಗೆ ಫೋನು ಹಚ್ಚಿದ್ದಾಳೆ, ಮಸೂತಿ ಹಿಂದಿನ ಓಣಿ ರೀ, ಗೌಸ ಮೇಸ್ತ್ರಿ ಮನಿ, ಲಗೂನ ಬರ್ರಿ — ಗೌಸ ಮೇಸ್ತ್ರಿ, ನನ್ನ ಅಬ್ಬಾ, ಗ್ಯಾರೇಜಿನಲ್ಲಿ ಯಾವುದೋ ಗಾಡಿಯ ಕೆಳಗೆ ಮಲಗಿರುತ್ತಾನೆ, ಅವನಿಗೆ ಏನು ಹೇಳಲಿ — ಕೆನ್ನೆಯೊಳಗೆ ಸಕ್ಕರೆ ಸವರಲು ಹೋದೆ, ಬೆರಳು ತುಟಿ ದಾಟಲಿಲ್ಲ, ಬ್ಯಾನಿ ಇದ್ದವರಿಗೆ ಅಲ್ಲಾ ಮಾಫಿ ಕೊಟ್ಟಾನ, ಬಾಯಿ ತೆಗಿ, ಪರೀಕ್ಷಾ ಬರಿಯೂದಿಲ್ಲ, ಕುವೈತ ಬ್ಯಾಡ, ನಿನ್ನ ಕಾಲ ಬೀಳ್ತೇನಿ, ಎಂಥ ಸಿಟ್ಟು ಬರುತ್ತಿದೆ ಈ ಹಟಮಾರಿ ತುಟಿಗಳ ಮೇಲೆ, ಹೊಡೆದುಬಿಡಲೇ, ಆದರೆ ಹಟ ಇರುವ ತನಕ ಅಮ್ಮಿ ಇದ್ದಾಳೆ, ಇರಲಿ ಹಟ, ಬೇಡ, ತೆಗಿ, ಅಮ್ಮಿ ತೆಗಿ — ತೆರೆಯಿತು. ತಾನಾಗಿಯೇ ತೆರೆಯಿತು, ಗದ್ದ ಜಾರಿತು, ಈಗ ಬೆರಳನ್ನು ಯಾರೂ ತಡೆಯುತ್ತಿಲ್ಲ, ಕಣ್ಣು ನನ್ನ ಮೇಲಿಲ್ಲ, ಚಮಚ ತುಂಬಿದೆ, ಹಾಕಬಾರದು, ಅಮ್ಮಿಯ ಬಾಯಿ ತೆರೆದಿದೆ, ಹಾಕಬಾರದು, ಬಾಯಿ, ತೆರೆದ ಬಾಯಿ.