ಒಂದಕ್ಷರ ತಪ್ಪಿದ ಜೀನು

ಕುದುರೆ ಸವಾರಿ ಕಲಿಸುವ ಮೇಷ್ಟ್ರು ಟೆಲ್ಮೊ ಅವರ ಕಪ್ಪು ಜೀನು ತೂಗುವ ಗೂಟದ ಮೇಲೆ ಒಂದು ಹಿತ್ತಾಳೆ ಫಲಕವಿತ್ತು. ಲಿಸ್ಬನ್ ಕಡೆಯ ಈ ಊರಿನ ಮಾತಿನಲ್ಲಿ ಜೀನಿಗೂ ಸೆಲಾ ಅಂತಾರೆ, ಜೈಲಿನ ಕೋಣೆಗೂ ಸೆಲಾ ಅಂತಾರೆ. ಬಾಯಲ್ಲಿ ಎರಡೂ ಒಂದೇ, ಬರೆಯುವಾಗ ಮಾತ್ರ ಮೊದಲಕ್ಷರ ಬೇರೆ. ಮೇಷ್ಟ್ರು ಕನ್ನಡಕ ಹಾಕದೆ ಬರೆದುಕೊಟ್ಟ ಚೀಟಿಯನ್ನು ಕೆತ್ತುವವನು ಹಾಗೇ ಕೆತ್ತಿಬಿಟ್ಟಿದ್ದ. 'ಮೇಷ್ಟ್ರ ಜೀನು' ಅಂತ ಇರಬೇಕಾದ ಕಡೆ 'ಮೇಷ್ಟ್ರ ಜೈಲು' ಅಂತ ಫಳಫಳ ಹೊಳೆಯುತ್ತಿತ್ತು.

ಲಾಯದಲ್ಲಿ ಇದು ಎಲ್ಲರಿಗೂ ಗೊತ್ತು, ಮೇಷ್ಟ್ರೊಬ್ಬರನ್ನು ಬಿಟ್ಟು. ಅವರ ಶಿಷ್ಯೆ ಬೆನೆದೀತಾ ಮೂರು ವರ್ಷದಿಂದ ದಿನಾ ಬೆಳಗ್ಗೆ ಅದರ ಮುಂದೆ ಕಾಲು ಜೋಡಿಸಿ ಸಲ್ಯೂಟ್ ಹೊಡೆಯುತ್ತಿದ್ದಳು. ಎಷ್ಟು ಗುರುಭಕ್ತಿ ಈ ಹುಡುಗಿಗೆ ಅಂತ ಮೇಷ್ಟ್ರು ಮೀಸೆಯೊಳಗೇ ನಗುತ್ತಿದ್ದರು.

ಆದರೆ ಆ ಗುರುವಾರ ಸಲ್ಯೂಟ್ ಹೊಡೆಯುವ ಮೂಡ್ ಅವಳಿಗಿರಲಿಲ್ಲ. ಮಲಗೇಟಾ ಅನ್ನುವ ಬೂದು ಬಣ್ಣದ ಹೆಣ್ಣುಕುದುರೆ ಅವಳನ್ನು ಆ ವಾರದಲ್ಲಿ ಮೂರನೇ ಸಲ ಮರಳಿಗೆ ಎಸೆದಿತ್ತು. ಮಲಗೇಟಾ ಅಂದರೆ ಮೆಣಸಿನಕಾಯಿ. ವರ್ಷಕ್ಕೊಂದು ಅಕ್ಷರದ ಪದ್ಧತಿಯಂತೆ, ಅದು ಹುಟ್ಟಿದ ವರ್ಷದ ಮರಿಗಳಿಗೆಲ್ಲ 'ಮ' ಅಕ್ಷರದ ಹೆಸರೇ ಇಡಬೇಕಿತ್ತು, ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದಲೇ ಒಂದು ಹೆಸರು ಕೂಗಿದ್ದರು.

"ಹೆಸರಿಗೆ ತಕ್ಕ ಗುಣ," ಅಂದರು ಮೇಷ್ಟ್ರು. "ಬಾಲ ಬೀಸ್ತದೆ, ಕಿವಿ ಹಿಂದಕ್ಕೆ ಮಡಚ್ತದೆ, ಒದೀತದೆ. ಈ ಕೊಬ್ಬಿಗೆ ಡ್ರೆಸಾಜ್ ಬೇರೆ ಕೇಡು. ಭಾನುವಾರ ಲಿಸ್ಬನ್ನಿಂದ ಗಾಡಿಯವನು ಇದನ್ನ ಕೊಳ್ಳೋಕೆ ಬರ್ತಾನೆ. ಪ್ರವಾಸಿಗರನ್ನ ಎಳ್ಕೊಂಡು ತಿರುಗಲಿ."

ಈ ಕುದುರೆಗೆ ಮೊದಲ ಹೆಜ್ಜೆಯಿಂದ ಹಿಡಿದು ನಾಟ್ಯದಂಥ ಡ್ರೆಸಾಜ್ ನಡಿಗೆಯ ತನಕ ಎಲ್ಲ ಕಲಿಸಿದವಳು ಬೆನೆದೀತಾಳೇ. ಜೀನು ಇಳಿಸಿ, ಬೆವರಿದ ಬೆನ್ನು ತೋರಿಸಿದಳು.

"ಇಲ್ಲಿ ನೋಡಿ ಮೇಷ್ಟ್ರೇ. ಬೆನ್ನೆಲ್ಲ ಒದ್ದೆ, ಹೆಗಲ ಹಿಂದೆ ಮಾತ್ರ ಅಂಗೈಯಗಲ ಎರಡು ಕಡೆ ಒಣಗಿದೆ. ಬೆವರೂ ಬರದ ಹಾಗೆ ಒತ್ತಿ ಹಿಡಿದಿದೆ ನಿಮ್ಮ ಜೀನು. ಕೊಬ್ಬಲ್ಲ ಇದು, ನೋವು."

"ಏಯ್! ನಮ್ಮ ಮಾವ ಕೈಯಾರೆ ಹೊಲಿದ ಜೀನು ಕಣೇ ಅದು. ಮೂವತ್ತು ವರ್ಷದಲ್ಲಿ ಹನ್ನೊಂದು ಕುದುರೆ ಮೇಲೆ ಕೂತಿದೆ. ಒಂದಾದ್ರೂ ಕಂಪ್ಲೇಂಟ್ ಕೊಡ್ತಾ?"

"ಕೊಟ್ಟವು ಮೇಷ್ಟ್ರೇ. ಕೊಟ್ಟವನ್ನೆಲ್ಲ ನೀವು ಮಾರಿಬಿಟ್ರಿ."

ಮೇಷ್ಟ್ರ ಮುಖ ಬೀಟ್‌ರೂಟ್ ಆಯಿತು. ಕೊನೆಗೆ ಒಂದು ಮಾತಿಗೆ ಒಪ್ಪಿದರು. ಅವರ ನಾದಿನಿ ಕುಸ್ತೋದಿಯಾ ಜೀನು ಮಾಡುವವಳು, ಅಪ್ಪನ ಕಸುಬು ಅವಳ ಕೈಗೇ ಬಂದಿತ್ತು. ಶನಿವಾರ ಅವಳು ವ್ಯಾನಿನಲ್ಲಿ ಜೀನು ತಂದು ತೋರಿಸಲಿ. "ನೋಡ್ತೀನಿ ಅಷ್ಟೇ. ಜೀನು ಬದಲಾಯಿಸಲ್ಲ."

ವಾದ ಮಾಡಿ ಈ ಮನುಷ್ಯನನ್ನು ಗೆಲ್ಲೋಕಾಗಲ್ಲ ಅಂತ ಬೆನೆದೀತಾಗೆ ಗೊತ್ತಾಯಿತು. ಸ್ಕ್ರಿಪ್ಟ್ ಬದಲಾಗಬೇಕು.

ಶುಕ್ರವಾರ ಸಂಜೆ ಪಶುವೈದ್ಯರ ಮನೆಗೆ ಹೋಗಿ ಅವರ ಸವಾರಿ ಬೂಟು ಬೇಡಿ ತಂದಳು. ಮೇಷ್ಟ್ರ ಬೂಟು ಹೊಲಿದ ಅದೇ ಚಮ್ಮಾರನದು, ಅದೇ ಕಪ್ಪು, ಮೊಣಕಾಲಿನ ತನಕ ಅದೇ ಹೊಳಪು. ಮೇಷ್ಟ್ರ ಸೈಜು ನಲವತ್ತಮೂರು, ಇದು ನಲವತ್ತೆರಡು. ಶನಿವಾರ ಬೆಳಗ್ಗೆ ಬಾಗಿಲ ಬಳಿಯ ಬೂಟು ಬದಲಾಯಿತು.

ಮೇಷ್ಟ್ರು ಬೂಟು ಎಳೆಯುವ ಕೊಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ತಿಣುಕುತ್ತಾ ಬೂಟಿನೊಳಗೆ ಇಳಿದರು. "ರಾತ್ರಿ ತಿಂದ ಉಪ್ಪುಮೀನು ಕಾಲಿಗೆ ಇಳಿದಿದೆ," ಅಂತ ಗೊಣಗಿದರು.

"ವಯಸ್ಸಾಯ್ತಲ್ಲ ಮೇಷ್ಟ್ರೇ," ಅಂದಳು ಬೆನೆದೀತಾ, ಹಾಲು ಕುಡಿದ ಬೆಕ್ಕಿನ ಹಾಗೆ.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ವ್ಯಾನಿನ ಎಂಟ್ರಿ. ಕುಸ್ತೋದಿಯಾ ಇಳಿದಳು. ಬಾಯಲ್ಲಿ ಅರ್ಧ ಬನ್ನು, ಅದರೊಳಗೆ ಹಂದಿಮಾಂಸ. "ಏನು ಭಾವ, ಮುಖ ಯಾಕೆ ಹಿಂಡಿದ ನಿಂಬೆಹಣ್ಣಾಗಿದೆ?"

"ನಿನ್ನ ಕೆಲಸ ನೋಡು!" ಅಂತ ಗದರಿದರು ಮೇಷ್ಟ್ರು.

ಮೊದಲನೇ ಜೀನು ಸಿಂಹಾಸನವೇ. ಕೂತ ತಕ್ಷಣ ಬೆನೆದೀತಾಗೆ ಕಿರೀಟ ಒಂದೇ ಕಮ್ಮಿ ಅನ್ನಿಸಿತು. ಕುಸ್ತೋದಿಯಾ ಕುದುರೆಯ ಹೆಗಲಿಗೂ ಜೀನಿಗೂ ನಡುವೆ ಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ. ಮಲಗೇಟಾ ಕಿವಿ ಹಿಂದಕ್ಕೆ ಮಡಚಿತು.

"ನಿನಗೆ ಸ್ವರ್ಗ, ಇವಳಿಗೆ ನರಕ. ಇಳಿ."

ಎರಡನೆಯದು ಕುದುರೆಯ ಬೆನ್ನಿಗೆ ಬೆಣ್ಣೆಯ ಹಾಗೆ ಕೂತಿತು. ಆದರೆ ಬೆನೆದೀತಾಳ ಕಾಲು ಉದ್ದ, ಜೀನಿನ ಪಕ್ಕದ ಚರ್ಮ ಗಿಡ್ಡ. ಮೊಣಕಾಲು ಮುಂದಕ್ಕೆ ಚಾಚಿಕೊಂಡು, ಒಂದನೇ ಕ್ಲಾಸಿನ ಬೆಂಚಿನ ಮೇಲೆ ಜಿರಾಫೆ ಕೂತ ಹಾಗಾಯಿತು. ಅವಳು ಹಿಂದಕ್ಕೆ ವಾಲಿದಳು, ಪಾಪದ ಕುದುರೆ ಗೊಂದಲಕ್ಕೆ ಬಿದ್ದು ಅಡ್ಡಡ್ಡ ನಡೆಯಿತು.

ಇಷ್ಟರಲ್ಲಿ ಮೇಷ್ಟ್ರ ಸ್ಥಿತಿ ನೋಡುವ ಹಾಗಿರಲಿಲ್ಲ. ಒಂದು ಕಾಲು ಎತ್ತುತ್ತಾರೆ, ಇನ್ನೊಂದು ಇಡುತ್ತಾರೆ. ಬೆತ್ತವನ್ನು ಹಿಂದೆ ಮುಂದೆ ಬೀಸುತ್ತಾರೆ. ದಾರಿಯಲ್ಲಿ ಬಂದ ಕೋಳಿಗೆ ಬೈದರು. ಅಂಕಣದ ಆ ತುದಿಗೆ ಬನ್ನಿ ಅಂದರೆ ಬರಲ್ಲ ಅಂದರು. ಕೊನೆಗೆ ಅಡ್ಡ ಇದ್ದ ನೀರಿನ ಬಕೆಟ್ಟಿಗೆ ಒದ್ದರು. ಒದ್ದವರೇ "ಅಯ್ಯೋ ನನ್ನವ್ವ!" ಅಂತ ಕಿರುಚಿದರು.

ಬೆನೆದೀತಾ ಕುದುರೆಯಿಂದ ಇಳಿದು ಕೈ ಕಟ್ಟಿ ನಿಂತಳು.

"ಬಾಲ ಬೀಸೋದು, ಆಯ್ತು. ಮುಂದಕ್ಕೆ ಹೋಗದೆ ಹಠ, ಆಯ್ತು. ಒದೆಯೋದು, ಅದೂ ಆಯ್ತು. ಕುಸ್ತೋದಿಯಾ ಅಮ್ಮ, ಭಾನುವಾರ ಗಾಡಿಯವನು ಬಂದಾಗ ಮೇಷ್ಟ್ರನ್ನೂ ಕೊಟ್ಟು ಕಳಿಸೋಣ್ವಾ? ತುಂಬಾ ಕೊಬ್ಬು."

"ಏನೇ ಅಂದೆ?"

"ಬೂಟಿನ ಒಳಗಡೆ ನಂಬರ್ ಓದಿ ಮೇಷ್ಟ್ರೇ. ಕನ್ನಡಕ ಹಾಕ್ಕೊಂಡು."

ಮೇಷ್ಟ್ರು ಕಲ್ಲುಕಟ್ಟೆಯ ಮೇಲೆ ಕುಸಿದರು. ನಾದಿನಿ ಬೂಟು ಎಳೆದಳು. ಜೇಬಿನಿಂದ ಕನ್ನಡಕ ಬಂತು. ಅವರು ನಂಬರ್ ಓದಿದರು. ಕೋಳಿಯೂ ಕೊಕ್ಕೆನ್ನಲಿಲ್ಲ. ಈಗ ನನ್ನನ್ನು ಗೇಟಿನಿಂದಾಚೆ ಎಸೀತಾರೆ, ಜೊತೆಗೆ ಕುದುರೆಯೂ ಹೋಯ್ತು ಅಂದುಕೊಂಡಳು ಬೆನೆದೀತಾ.

ಮೇಷ್ಟ್ರು ಕೆಂಪಗೆ ಊದಿದ ತಮ್ಮ ಬೆರಳುಗಳನ್ನು ನೋಡಿದರು. ಆಮೇಲೆ ತುಂಬ ಹೊತ್ತು ಮಲಗೇಟಾಳ ಬೆನ್ನು ನೋಡಿದರು.

"ಒಂದೇ ನಂಬರು," ಅಂದರು ಮೆಲ್ಲಗೆ. "ಒಂದೇ ಗಂಟೆ."

"ಅಪ್ಪ ಆ ಜೀನು ಹೊಲಿದದ್ದು ನಿಮ್ಮ ಹಳೇ ಗಂಡುಕುದುರೆಗೆ ಭಾವ," ಅಂದಳು ಕುಸ್ತೋದಿಯಾ. "ಅದರ ಬೆನ್ನು ಊಟದ ಮೇಜಿನಷ್ಟು ಅಗಲ ಇತ್ತು. ಸಣ್ಣ ಬೆನ್ನಿನ ಮೇಲೆ ಅದು ಮುಂದಕ್ಕೆ ಕುಸಿದು ಹೆಗಲು ಒತ್ತುತ್ತೆ. ಆ ಕುದುರೆ ಸತ್ತ ದಿನವೇ, ಬೇರೆ ಯಾವುದಕ್ಕೂ ಆಗಲ್ಲ, ಜೀನು ವಾಪಸ್ ಕೊಡು ಅಂತ ಅಪ್ಪ ಕೇಳಿದ್ರು. ನೀವು ಕೊಡ್ಲಿಲ್ಲ."

"ಮೂರನೇದು ಎಲ್ಲಿ?" ಅಂತ ಕೇಳಿದರು ಮೇಷ್ಟ್ರು.

ಮೂರನೆಯದು ನೋಡೋಕೆ ವಿಲನ್ ಥರ ಇತ್ತು. ಯಾರೋ ಬಳಸಿ ಬಿಟ್ಟದ್ದು, ಕಂದು ಬಣ್ಣ, ಒಂದು ಪಕ್ಕ ಉದ್ದಕ್ಕೆ ಗೀರು. ಕಪ್ಪು ಬಿಟ್ಟು ಬೇರೆ ಬಣ್ಣದ ಜೀನು ಈ ಲಾಯದೊಳಗೆ ಬಂದದ್ದೇ ಇಲ್ಲ. ಕುಸ್ತೋದಿಯಾಳ ಬೆರಳು ಹೆಗಲ ಬಳಿ ಸಲೀಸಾಗಿ ಓಡಾಡಿತು. ಬೆನೆದೀತಾ ಹತ್ತಿದಳು.

ಮೇಷ್ಟ್ರು ಬರೀ ಕಾಲುಚೀಲದಲ್ಲೇ ಮರಳಿಗಿಳಿದು ಬಂದರು. ಅವಳ ಮೊಣಕಾಲು ಒತ್ತಿ ನೋಡಿದರು, ತೊಡೆಯ ಹಿಂದೆ ಕೈಯಿಟ್ಟು ಚರ್ಮ ಎಲ್ಲಿಗೆ ಮುಗಿಯುತ್ತದೆ ಅಂತ ನೋಡಿದರು. "ಕಾಲು ತಾನಾಗೇ ಕೆಳಗಿಳೀತಾ ಇದೆ. ಹೂಂ. ನಡೆಸು."

ಮಲಗೇಟಾ ನಾಲ್ಕು ಹೆಜ್ಜೆ ಅನುಮಾನದಿಂದಲೇ ಇಟ್ಟಿತು. ಐದನೆಯದಕ್ಕೆ ಮೂಗಿನಿಂದ ಉದ್ದವಾಗಿ ಉಸಿರು ಬಿಟ್ಟು ಕತ್ತು ಇಳಿಸಿತು. ದುಲ್ಕಿ ಓಟಕ್ಕೆ ಬಂದಾಗ ಬೆನ್ನು ಅಲೆಯ ಹಾಗೆ ಏಳತೊಡಗಿತು. ಬಾಲ ಸುಮ್ಮನೆ ತೂಗುತ್ತಿತ್ತು. ಮೇಷ್ಟ್ರು ಕಾಲುಚೀಲ ತುಂಬ ಮರಳು ತುಂಬಿಕೊಂಡು ಪಕ್ಕದಲ್ಲೇ ಸುತ್ತು ಹಾಕಿದರು. ಆಮೇಲೆ ಫೋನ್ ತೆಗೆದು, "ಬರಬೇಡಪ್ಪಾ. ಕುದುರೆ ಇಲ್ಲ," ಅಂದು ಕಟ್ ಮಾಡಿದರು. ಬೆನೆದೀತಾ ಕುದುರೆಯ ಕತ್ತಿಗೆ ಮುಖ ಒತ್ತಿಕೊಂಡಳು. ಕಣ್ಣಿಗೆ ಮರಳು ಬಿತ್ತು ಅಂತ ಕುಸ್ತೋದಿಯಾಗೆ ಸುಳ್ಳು ಹೇಳಿದಳು.

ಕಂದು ಜೀನಿಗೆ ಗೂಟ ಖಾಲಿ ಮಾಡಲು ಮೇಷ್ಟ್ರು ಒಳಗೆ ಹೋದರು. ಆ ದಿನ ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು. ಅದೇ ಎಡವಟ್ಟಾಯಿತು.

"ಬೆನೆದೀತಾ! ಇಲ್ಲಿ ಬಾ! ಯಾವನು ಇದನ್ನ ಕೆತ್ತಿದ್ದು?"

"ನೀವು ಬರೆದುಕೊಟ್ಟದ್ದೇ ಮೇಷ್ಟ್ರೇ."

"ಮೂರು ವರ್ಷದಿಂದ ನೀನು ಸಲ್ಯೂಟ್ ಹೊಡೀತಿದ್ದದ್ದು..."

"ಜೈಲರ್ ಸಾಹೇಬರಿಗೆ."

ಮೇಷ್ಟ್ರ ಮೀಸೆ ಅದುರಿತು. ಕೋಪವೋ ನಗುವೋ, ಅವರೂ ನಿರ್ಧರಿಸಲಿಲ್ಲ. ಫಲಕ ಬಿಚ್ಚಿ, ಹಳೇ ಜೀನಿನ ಜೊತೆ ಕುಸ್ತೋದಿಯಾಳ ಕೈಗಿತ್ತರು. "ಒಂದಕ್ಷರವೂ ತಪ್ಪಿಲ್ಲ. ಮಾವನ ಅಂಗಡಿಯಲ್ಲಿ ಎರಡನ್ನೂ ಒಟ್ಟಿಗೇ ನೇತುಹಾಕು."

ಆಮೇಲೆ ವೈದ್ಯರ ಬೂಟು ಎತ್ತಿ ಬೆನೆದೀತಾಳ ಮುಂದಿಟ್ಟರು. "ಇದನ್ನ ವಾಪಸ್ ಕೊಟ್ಟು ಬಾ. ಎರಡು ಕಿಲೋಮೀಟರ್. ಹಾಕ್ಕೊಂಡು ಹೋಗು."

ಬೆನೆದೀತಾಳ ದೊಡ್ಡ ಪಾದ ಲಾಯಕ್ಕೆಲ್ಲ ಹೆಸರುವಾಸಿ. "ಮೇಷ್ಟ್ರೇ, ನನ್ನದೂ ನಲವತ್ತಮೂರು!"

"ಗೊತ್ತು," ಅಂದರು ಮೇಷ್ಟ್ರು. "ಬಾಲ ಬೀಸಬೇಡ."