ತುಂಬಿದ ಜೀಪು

ಸತ್ತೆಪ್ಪ ಟ್ರ್ಯಾಲಿಯ ಹಿಂದಿನ ಫಳಿಯ ಹಲಗೆ ಇಳಿಸಿ, ಒಳಗೆ ಉಳಿದಿದ್ದ ಕಬ್ಬಿನ ರವದಿಯ ಒಣಗರಿ ಗುಡಿಸುತ್ತಿದ್ದ. ಪಡಸಾಲೆಯಿಂದ ತಾರವ್ವನ ದನಿ ಬಂತು.

“ಟ್ರ್ಯಾಲಿ ಬ್ಯಾಡ ಸತ್ತೆಪ್ಪ. ಅವರ್ನ ಜೀಪಿನಾಗ ಒಯ್ಯೂನು.”

ಸತ್ತೆಪ್ಪ ಕಸಬರಿಗೆ ಹಿಡಿದೇ ಒಳಗೆ ಬಂದ. ಅವನ ಅಣ್ಣ, ತಾರವ್ವನ ಗಂಡ ಸಿದರಾಯನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ಅರಿಶಿನದ ಭಂಡಾರ, ತಲೆಗೆ ಕೆಂಪು ಪಟಕಾ, ಗದ್ದ ಜೋತು ಬೀಳದಂತೆ ಕಟ್ಟಿದ ಬಿಳಿ ಅರಿವೆ. ಬೆಳಗಿನ ಜಾವ ನಿದ್ದೆಯಲ್ಲೇ ಹೋದವನು, ಮಧ್ಯಾಹ್ನದ ನೆರಳಲ್ಲಿ ತೂಕಡಿಸುವವನ ಹಾಗೇ ಕಾಣುತ್ತಿದ್ದ. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಗಾಣದ ಮನೆಯ ಬೆಲ್ಲದ ವಾಸನೆ ಆ ಮಂಜಿನಲ್ಲೇ ತೇಲಿ ಬರುತ್ತಿತ್ತು. ಮಂದಿಯ ಅಳು, ಮಾತು, ಭಜನೆಯವರ ತಾಳ ಎಲ್ಲವೂ ತಾರವ್ವನಿಗೆ ಬೇರೆ ಯಾರದೋ ಮನೆಯಿಂದ ಬಂದಂತೆ ಕೇಳುತ್ತಿದ್ದವು.

“ಜೀಪು ಕುಣಿತೈತಿ ವೈನಿ,” ಎಂದ ಸತ್ತೆಪ್ಪ. “ಖಾಲಿ ಇದ್ದಾಗ ಅದರಾಗ ಕುಂತಾವನ ಹಲ್ಲು ಉದುರ್ತಾವು. ಆ ದಾರ್‍ಯಾಗ ಅಣ್ಣ ಕುಂತಲ್ಲೇ ನಿಂದರ್ತಾನೇನ?”

“ಟ್ರ್ಯಾಲಿ ಕುಣಿಯೂದಿಲ್ಲೇನ?”

“ಅದೂ ಕುಣಿತೈತಿ. ಆದ್ರ ಅದರಾಗ ಮಲಗಿಸಿ ಹಗ್ಗ ಬಿಗೀಬಹುದು.”

ಹಗ್ಗ ಎಂಬ ಮಾತು ತಾರವ್ವನ ಎದೆಗೆ ಬಡಿಯಿತು. ಕಾರ್ಖಾನೆಗೆ ಹೋಗುವ ಕಬ್ಬಿಗೆ ಹಗ್ಗ ಬಿಗಿಯುತ್ತಾರೆ. ಅವರ ಮನೆತನದಲ್ಲಿ ಹೋದವರು ಕೂತೇ ಹೋಗಬೇಕು, ಕುಣಿಯಲ್ಲೂ ಕೂತೇ ಇರಬೇಕು. ಕುಣಿ ತೋಡಿದ್ದು ಹಳ್ಳದಾಚೆಯ ತೋಟದಲ್ಲಿ, ಸಿದರಾಯನ ಅಪ್ಪ ಅವ್ವರ ಮಗ್ಗುಲಿಗೆ. ಹೆಗಲ ಮೇಲೆ ಒಯ್ಯಲಾರದಷ್ಟು ದೂರ. ದಾರಿಯನ್ನಂತೂ ಕಬ್ಬಿನ ಟ್ರ್ಯಾಕ್ಟರುಗಳು ಉತ್ತು ಹಾಕಿದ್ದವು. ಎರಡೂ ಕಡೆ ಮೊಣಕಾಲು ಆಳದ ಗಾಲಿಜಾಡು, ನಡುವೆ ಬೆನ್ನೆತ್ತಿದ ದಿಬ್ಬ.

ಗೋಡೆಯ ಬದಿಗೆ ಕೂತಿದ್ದ ಜಿನ್ನಪ್ಪ ಬಾಯಿ ತೆರೆದರು. ಹಾರೂಗೇರಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಹಿರಿಯರು.

“ಆ ಜೀಪು ಒಂದ್ ದಿನಾನೂ ಖಾಲಿ ಹೋಗಿದ್ದು ನಾ ನೋಡಿಲ್ಲ ನೋಡ್ರಿ. ದಾರ್‍ಯಾಗ ನಾಯಿ ನಿಂತಿದ್ರೂ ಏರಿಸ್ಕೋತಿದ್ದ. ರೊಕ್ಕ ಕೊಟ್ರ ಮುಟ್ಟತಿದ್ದಿಲ್ಲ. ಅಂಥಾ ಧರ್ಮದ ಮನಷ್ಯಾ ಇನ್ನ ಹುಟ್ಟೂದಿಲ್ಲ.”

“ಹೌದ್ರಿ, ಖರೆ ಐತಿ,” ಎಂದರು ಕೂತವರೆಲ್ಲ. ಕೂಲಿಗೆ ಹೋಗುವ ದ್ರೌಪದಿ ಸೆರಗಿನಿಂದ ಕಣ್ಣೊರಸಿಕೊಂಡಳು. ತಾರವ್ವ ಗಂಡನ ಮುಖ ನೋಡಿದಳು. ಗದ್ದದ ಅರಿವೆಯ ಕೆಳಗೆ ಅವನು ನಗು ತಡೆದುಕೊಂಡಿದ್ದಾನೇನೋ ಅನಿಸಿತು.

*

ಬಹಳ ವರ್ಷಗಳ ಹಿಂದೆ ತಾರವ್ವನಿಗೆ ಗರ್ಭಚೀಲದ ಆಪರೇಷನ್ ಆಗಿತ್ತು. ಆಗ ಅವರಿದ್ದದ್ದು ತೋಟದಲ್ಲೇ, ಊರಲ್ಲಿ ಮನೆ ಕಟ್ಟಿದ್ದು ಆಮೇಲೆ. ಹೊಲಿಗೆ ಮಾಯದೆ ಹಾರೂಗೇರಿಯ ದವಾಖಾನೆಗೆ ತಿರುತಿರುಗಿ ಹೋಗಬೇಕಾಯಿತು. ಒಂದು ಸಂಜೆ ಮರಳುವಾಗ ಜೀಪಿನ ಹೊಟ್ಟೆ ನಡುವಿನ ದಿಬ್ಬಕ್ಕೆ ಕಚ್ಚಿ ಕೂತಿತು. ಮುಂದಿನ ಗಾಲಿ, ಹಿಂದಿನ ಗಾಲಿ ಎರಡೂ ಗಾಳಿಯಲ್ಲಿ ತಿರುಗಿದವು. ತಾರವ್ವ ಹೊಟ್ಟೆ ಹಿಡಿದುಕೊಂಡು ಕೆಸರಿನಲ್ಲಿ ಮನೆತನಕ ನಡೆದಳು. ಸಿದರಾಯ ತಿರುತಿರುಗಿ ಜೀಪನ್ನು ನೋಡುತ್ತ ಪಕ್ಕದಲ್ಲೇ ನಡೆದ.

ಮರುದಿನ ಬೆಳಗಾದರೆ ಅವನು ಜೀಪಿನ ಕೆಳಗೆ ಅಂಗಾತ ಮಲಗಿದ್ದ. ಅಂದಿನಿಂದ ಅದೇ ಧ್ಯಾನ. ಕುರಿ ಮೇಯಿಸುತ್ತಲೂ ನೆಲಕ್ಕೂ ಜೀಪಿಗೂ ನಡುವಿನ ಅಂತರಕ್ಕೇ ಮನಸ್ಸಿನಲ್ಲಿ ಗೇಣು ಹಾಕುತ್ತ ಕೂಡುವನು. ಗಾಡಿಯನ್ನು ಎತ್ತರ ಮಾಡಬೇಕು, ಅಗ್ಗದಲ್ಲಿ ಮಾಡಬೇಕು. ನಿಪ್ಪಾಣಿಯ ಅಂಗಡಿಯವನೊಬ್ಬ ಹೊಸ ಪಾಟಾಗಳ ಪೂರ್ತಿ ಸೆಟ್ಟು ತೋರಿಸಿದ. ಪಾಟಾ ಎಂದರೆ ಗಾಲಿಯ ಮೇಲೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು. ಬೆಲೆ ಕೇಳಿ ಸಿದರಾಯ ಕೈಮುಗಿದು ಬಂದ.

“ಅಷ್ಟ ಕೊಟ್ರ ಎಮ್ಮಿ ಬರ್ತೈತಿ,” ಎಂದ ತಾರವ್ವನಿಗೆ. “ಎಮ್ಮಿ ಹಾಲರ ಕೊಡ್ತೈತಿ.”

ಚಿಕ್ಕೋಡಿಯವನೊಬ್ಬ ಪಾಟಾ ನೇತುಹಾಕುವ ಕೊಂಡಿಯನ್ನೇ ಉದ್ದ ಮಾಡಿ ಎತ್ತರಿಸುತ್ತೇನೆಂದ. ಎಲ್ಲಕ್ಕಿಂತ ಅಗ್ಗ. ಆದರೆ ಹಾಗೆ ಮಾಡಿಸಿದ ಗಾಡಿಯೊಂದು ತಿರುವಿನಲ್ಲಿ ಶೆರೆ ಕುಡಿದವನಂತೆ ವಾಲುವುದನ್ನು ಸಿದರಾಯ ಕಣ್ಣಾರೆ ನೋಡಿದ. ಅದೂ ಬೇಡವಾಯಿತು. ಕೊನೆಗೆ ಹಾರೂಗೇರಿಯ ಸಮಾಧಾನ ಎಂಬ ಮಿಸ್ತ್ರಿ ಗುಜರಿಯಿಂದ ಲಾರಿಯ ಹಳೇ ಪಟ್ಟಿಗಳನ್ನು ಎಳೆದು ತೆಗೆದ.

“ಇವನ್ನ ಪಾಟಾಕ್ಕ ಒಂದೊಂದು ಕೂಡಿಸ್ತೀನ್ರಿ ಮಾಮಾ. ಗಾಡಿ ಎತ್ತರ ಆಕ್ಕೈತಿ. ಆದ್ರ ಖಾಲಿ ಇದ್ರ ಥೋಡೆ ಬಿರಸು ಆಕ್ಕೈತಿ ಮತ್ತ.”

“ಆಗ್ಲಿ ಬಿಡೋ. ದಿಬ್ಬ ದಾಟಿದ್ರ ಸಾಕು.”

ದಾಟಿತು. ಜೀಪು ದಿಬ್ಬಕ್ಕೆ ಒಂದು ಗೀರೂ ತಾಗದಂತೆ ದಾಟಿ ಹೋಯಿತು. ಆದರೆ ಒಂದೊಂದು ತಗ್ಗಿಗೂ ಕಲ್ಲಿನ ಮೇಲೆ ಕಲ್ಲು ಬಿದ್ದಂತೆ ಬಡಿಯುತ್ತಿತ್ತು. ತಾರವ್ವ ಸೆರಗು ಕಚ್ಚಿ ಹಿಡಿದು ಕೂತಳು, ಕೂಗಲಿಲ್ಲ. ಅಂಗಳದಲ್ಲಿ ಇಳಿದಾಗ ಅವಳ ಸೀರೆಯ ಮೇಲೆ ರಕ್ತದ ಕಲೆ ಕಂಡು ಸಿದರಾಯ ಹೊಸ್ತಿಲ ಮೇಲೆ ಕುಸಿದ.

“ಎತ್ತರ ಮಾಡಿಸಿದ್ನಿ. ಮೆತ್ತಗ ಮಾಡಿಸೂದು ಮರತ್ನಿ,” ಎಂದ.

ಮುಂದಿನ ಸಲ ಭಾರಕ್ಕೆಂದು ಮಣ್ಣಿನ ಚೀಲ ಹೇರಿದ. ಗಾಡಿ ದಿಬ್ಬಕ್ಕೆ ತಾಗದಷ್ಟು ತಗ್ಗಿತು, ಪಾಟಾ ಚಪ್ಪಟೆಯಾಯಿತು, ಓಟ ಮೆತ್ತಗಾಯಿತು. ಆದರೆ ಹೇರಿ ಇಳಿಸುವುದರಲ್ಲಿ ಅವನ ನಡುವೇ ಮುರಿಯುವಂತಾಯಿತು. ಕುರಿ ತುಂಬಿ ನೋಡಿದ. ಅವು ತಾರವ್ವನ ಮಡಿಲಲ್ಲೇ ಹಿಕ್ಕೆ ಹಾಕಿದವು. ಆ ಹೊತ್ತಿಗೆ ಮುಗಳಖೋಡದ ದಾರಿಯಲ್ಲಿ ಸಂತೆಗೆ ಹೊರಟ ಹೆಂಗಸರು ಕೈ ಮಾಡಿದರು. ಸಿದರಾಯ ಜೀಪು ನಿಲ್ಲಿಸಿದ.

“ಇದ ಛಲೋ ಆತು ನೋಡು,” ಎಂದ ಆಮೇಲೆ ಹೆಂಡತಿಯ ಕಿವಿಯಲ್ಲಿ. “ಮಂದಿ ತಾವ ಏರ್ತಾರ, ತಾವ ಇಳೀತಾರ. ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ. ಕಲ್ಲಿನ ಬದಲಿ ನಮ್ಮನ್ನ ಹೇರ್‍ಯಾನ ಅಂತಾರ.”

*

ಹೊಲಿಗೆ ಮಾಯಿತು, ನೋವು ಮರೆತೂ ಹೋಯಿತು. ಆದರೂ ಜೀಪು ತುಂಬಿಯೇ ಓಡುತ್ತಿತ್ತು. ತುಂಬಿದ ಜೀಪಿನಲ್ಲಿ ಹೋಗುವುದೆಂದರೆ ತಾರವ್ವನಿಗೆ ಅರೆನಿದ್ದೆಯ ಸುಖ. ಹಿಂದೆ ಮಂದಿಯ ಗುಜುಗುಜು, ಬುಟ್ಟಿಯ ಕೊತ್ತಂಬರಿಯ ವಾಸನೆ, ಎರಡೂ ಕಡೆ ತೆನೆಯೊಡೆದ ಕಬ್ಬು. ಹೊಳೆಯ ಮೇಲಿನ ನಾವೆಯ ಹಾಗೆ ಗಾಡಿ ತೂಗುತ್ತಿತ್ತು.

“ಈಗ ನನಗೇನೂ ಆಗಿಲ್ಲಲ್ರಿ. ಇನ್ನೂ ಯಾಕ ತುಂಬ್ತೀರಿ?” ಎಂದು ಒಮ್ಮೆ ಕೇಳಿದಳು.

ಅವನು ದಾರಿಯಿಂದ ಕಣ್ಣು ತೆಗೆಯದೆ ಗೇರು ಬದಲಿಸಿದ.

“ಖಾಲಿ ಗಾಡಿ ಭಾಳ ಸದ್ದು ಮಾಡ್ತೈತಿ,” ಎಂದ.

*

“ಹೊತ್ತಾತು ವೈನಿ. ಏನ್ ಮಾಡೂನು?” ಸತ್ತೆಪ್ಪ ಕೇಳುತ್ತಿದ್ದ.

ತಾರವ್ವ ಎದ್ದು ಬಾಗಿಲಿಗೆ ಬಂದಳು. ಬೇವಿನ ಮರದ ಕೆಳಗೆ ಜೀಪು ಎತ್ತರವಾಗಿ, ಮೈಮೇಲೆಲ್ಲ ಇಬ್ಬನಿ ಹೊತ್ತು ನಿಂತಿತ್ತು. ಮಗ ಭರತ ಅದರ ಗಾಜು ಒರೆಸುತ್ತಿದ್ದ.

“ಜೀಪಿನಾಗ ಮಂದಿ ತುಂಬ್ರಿ,” ಎಂದಳು. “ತುಂಬಿದ್ರ ಕುಣಿಯೂದಿಲ್ಲ ಅದು.”

ಅಂಗಳದಲ್ಲಿ ಗುಸುಗುಸು ಎದ್ದಿತು. ಹೆಣದ ಗಾಡಿಯಲ್ಲಿ ಹೊರುವವರನ್ನು ಬಿಟ್ಟು ಬೇರೆ ಯಾರೂ ಕೂಡುವುದಿಲ್ಲ. ಉಳಿದವರು ಹಿಂದೆ ನಡೆದು ಬರಬೇಕು.

“ಮಣ್ಣಿನ ಚೀಲ ಇಡೂನೇನ್ ಅವ್ವಾ?” ಎಂದು ಭರತ ಮೆಲ್ಲಗೆ ಕೇಳಿದ.

ಇಟ್ಟರೆ ಆಗುತ್ತಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಧರ್ಮದ ಮನುಷ್ಯ ಎಂಬ ಹೆಸರೂ ಉಳಿಯುತ್ತಿತ್ತು. ಆದರೆ ಇಷ್ಟು ವರ್ಷ ಮಂದಿಯ ನಡುವೆ ಹೋದವನನ್ನು ಚೀಲಗಳ ನಡುವೆ ಕಳಿಸಲು ತಾರವ್ವನ ಮನಸ್ಸು ಒಪ್ಪಲಿಲ್ಲ. ಸುಮ್ಮನೆ ಏರಿ ಎಂದರೆ ಪದ್ಧತಿ ಮುರಿದು ಯಾರು ಏರುತ್ತಾರೆ? ಅವಳು ಒಮ್ಮೆ ಹಿಂದಿರುಗಿ ಗಂಡನನ್ನು ನೋಡಿದಳು. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಲಿ ಎಂದುಕೊಂಡಳು.

“ಧರ್ಮ ಅಂದ್ರಿ ಎಲ್ಲಾರೂ. ಧರ್ಮ ಅಲ್ಲರಿ ಅದು. ಅಗ್ಗದಾಗ ಜೀಪು ಎತ್ತರ ಮಾಡಿಸಿದ್ರು, ಖಾಲಿ ಇದ್ರ ನನ್ನ ಹೊಲಿಗಿ ಹರೀತಿತ್ತು. ಅದಕ್ಕ ನಿಮ್ಮನ್ನ ಏರಿಸ್ಕೋತಿದ್ರು. ಭಾರಕ್ಕ. ಇವತ್ತ ಅವರಿಗೆ ಭಾರ ಬೇಕಾಗೈತಿ.”

 ಭಜನೆಯವರ ತಾಳ ನಿಂತಿತು. ಜಿನ್ನಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.  ಗಂಡನ ಹೆಸರನ್ನು ತಾನೇ ಮಣ್ಣುಪಾಲು ಮಾಡಿದೆನೇ ಎಂದು ತಾರವ್ವನಿಗೆ ಭಯವಾಯಿತು.

ಮೊದಲು ಎದ್ದವಳು ದ್ರೌಪದಿ.

“ಕಲ್ಲಿಗೆ ಯಾರೂ ‘ತಲಿ ಬಾಗಿಸಿ ಏರವಾ, ಬಡದೀತು’ ಅನ್ನೂದಿಲ್ಲ ತಾರಕ್ಕ,” ಎಂದಳು. “ಅವರು ದಿನಾ ಅಂತಿದ್ರು.”

ಅವಳು ಸೀರೆ ಎತ್ತಿ ಕಟ್ಟಿಕೊಂಡು, ತಲೆ ಬಾಗಿಸಿ ಜೀಪು ಏರಿದಳು. ಜಿನ್ನಪ್ಪ ಧೋತರದ ಚುಂಗು ಹಿಡಿದು ಅವಳ ಹಿಂದೆಯೇ ಹೋದರು.

“ನಾ ಇದ್ದದ್ದರಾಗ ಛಲೋ ತೂಕದಾಂವ,” ಎಂದರು ಯಾರನ್ನೂ ನೋಡದೆ.

ಆಮೇಲೆ ತಡವಾಗಲಿಲ್ಲ. ಸಿದರಾಯನನ್ನು ತಂದು ಬೆಂಚಿನ ನಡುವೆ ಕೂಡಿಸಿದರು. ಒಂದು ಬದಿಗೆ ಸತ್ತೆಪ್ಪ, ಇನ್ನೊಂದು ಬದಿಗೆ ತಾರವ್ವ. ಉಳಿದವರು ಎದುರಿಗೆ, ಕೆಳಗೆ, ಹಿಂದಿನ ಫಳಿಯ ಮೇಲೆ. ಒಬ್ಬೊಬ್ಬರು ಏರಿದಂತೆ ಪಾಟಾ ಕಿರ್ ಕಿರ್ ಎನ್ನುತ್ತ ಬಾಗಿತು. ಭರತ ಮೊದಲನೇ ಗೇರಿನಲ್ಲೇ ಗಾಡಿ ಬಿಟ್ಟ.

ಮಂಜು ದಾರಿಯ ಮೇಲೆ ಬಿದ್ದುಕೊಂಡಿತ್ತು. ಕಬ್ಬಿನ ತೆನೆಗಳು ಮಾತ್ರ ಅದರ ಮೇಲೆ ಬೆಳ್ಳಗೆ ತೇಲುತ್ತಿದ್ದವು. ತಗ್ಗು ಬಂತು, ಹೋಯಿತು. ದಿಬ್ಬ ಬಂತು, ಕೆಳಗೆಲ್ಲೋ ಹುಲ್ಲು ಸವರಿದ ಸದ್ದಾಗಿ ಅದೂ ಹೋಯಿತು. ತಾರವ್ವನ ಮಡಿಲ ತಾಟಿನಲ್ಲಿ ಭಂಡಾರದ ಗುಡ್ಡೆ ಕದಲಲಿಲ್ಲ. ಸಿದರಾಯನ ತಲೆ ಒಮ್ಮೆ ಅವಳ ಕಡೆ ವಾಲಿ ಹೆಗಲಿಗೆ ಒರಗಿತು, ಹಾಗೇ ನಿಂತಿತು. ಯಾರೋ ಎಂದಿನ ರೂಢಿಯಲ್ಲಿ ಮಳೆಯ ಮಾತು ತೆಗೆದರು. ಇನ್ನೊಬ್ಬರು ಹೂಂಗುಟ್ಟಿದರು. ತಾರವ್ವನಿಗೆ ಕಣ್ಣು ಎಳೆಯುವಂತಾಯಿತು. ಈ ದಾರಿ ಇನ್ನೂ ಉದ್ದ ಇರಬಾರದಿತ್ತೇ ಎಂದುಕೊಂಡಳು.

ಕುಣಿಯ ಹತ್ತಿರ ಭರತ ಜೀಪು ನಿಲ್ಲಿಸಿದ. ಹಿಂದೆ ಕೂತವರು ಮೊದಲು ಇಳಿದರು. ಜಿನ್ನಪ್ಪ ಇಳಿದರು, ದ್ರೌಪದಿ ತಲೆ ಬಾಗಿಸಿ ಇಳಿದಳು. ಒಬ್ಬೊಬ್ಬರು ಇಳಿದಂತೆ ಜೀಪು ಇಷ್ಟಿಷ್ಟೇ ಎದ್ದಿತು. ಕಡೆಗೆ ಸತ್ತೆಪ್ಪ, ಭರತ ಕೂಡಿ ಸಿದರಾಯನನ್ನು ಅವಳ ಹೆಗಲಿನಿಂದ ಬಿಡಿಸಿ, ಎತ್ತಿ ಹೊರಗೆ ಒಯ್ದರು.

ತಾರವ್ವ ಇನ್ನೂ ಬೆಂಚಿನ ಮೇಲೇ ಇದ್ದಳು. ಅವಳ ಕೆಳಗೆ ಪಾಟಾ ಸಣ್ಣಗೆ ಕಿರ್ ಎಂದಿತು. ಜೀಪು ಇನ್ನೊಂದು ಬೆರಳಷ್ಟು ಮೇಲೆದ್ದು ನಿಂತಿತು.